ಕೃಷ್ಣದೇವರಾಯನ ತಲೆ ಮೇಲೆ ಕಿರೀಟ ಇತ್ತಾ, ಟೋಪಿ ಇತ್ತಾ? ರಾಜರ ಸಿನಿಮಾ ವೇಷದ ಬಗ್ಗೆ ಒಂದು ಪ್ರಶ್ನೆ

ಅರಳೀಕಟ್ಟೆ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ತಿರುಪತಿಗೆ ಹೋಗಿದ್ದೆವು. ಬೆಟ್ಟದ ಮೇಲೆ ದೇವಸ್ಥಾನದೊಳಗೆ ಕಾಲಿಡುತ್ತಿದ್ದ ಹಾಗೆ ಕೃಷ್ಣದೇವರಾಯ, ತಿರುಮಲದೇವಿ, ಚಿನ್ನಾದೇವಿ ಮೂವರೂ ಕೈಮುಗಿದು ನಿಂತ ವಿಗ್ರಹಗಳಿವೆ, ನೋಡಿರುತ್ತೀರಿ. ಕ್ಯೂ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ನಾಲ್ಕನೇ ಕ್ಲಾಸಿನ ಮಗಳು ನನ್ನ ಷರಟು ಜಗ್ಗಿ, "ಅಪ್ಪಾ, ಇವರು ಯಾಕೆ ಇಷ್ಟುದ್ದ ಟೋಪಿ ಹಾಕ್ಕೊಂಡಿದ್ದಾರೆ?" ಅಂದಳು. ಕೃಷ್ಣದೇವರಾಯ ಕಣಮ್ಮಾ ಅಂದೆ. ನಂಬಲಿಲ್ಲ. "ರಾಜ ಆದ್ರೆ ಕಿರೀಟ ಎಲ್ಲಿ?" ಅಂತ ಕೇಳಿದಳು.

ಊರಿಗೆ ಬಂದ ಮೇಲೆ ಭಾನುವಾರ ಟಿವಿಯಲ್ಲಿ ಯಾವುದೋ ಹಳೇ ರಾಜರ ಸಿನಿಮಾ. ಮಿಂಚುವ ಕಿರೀಟ, ಕೆಂಪು ವೆಲ್ವೆಟ್ ಕೋಟು, ಭುಜಕ್ಕೆ ಜರಿ ಕುಚ್ಚು. ಮಗಳು ನನ್ನ ಕಡೆ ತಿರುಗಿ, "ನೋಡಪ್ಪಾ, ಇವರು ರಾಜ" ಅಂದಳು. ಅವಳ ಲೆಕ್ಕದಲ್ಲಿ ತಿರುಪತಿಯಲ್ಲಿರುವವರು ಡೂಪ್ಲಿಕೇಟ್!

ನನ್ನ ಪ್ರಶ್ನೆ ಇಷ್ಟೇ. ನಮ್ಮ ರಾಜರು ನಿಜವಾಗಿ ಏನು ಹಾಕಿಕೊಳ್ಳುತ್ತಿದ್ದರು? ಅದು ಗೊತ್ತಿದ್ದೂ ಸಿನಿಮಾದವರು ಯಾಕೆ ಬೇರೆ ತೋರಿಸುತ್ತಾರೆ? ತಿಳಿದವರು ಹೇಳಿ.

ಮಂಡ್ಯಮಾವ:
ಟೋಪಿ ಹಾಕಿದ್ದು ರಾಜ ಅಲ್ಲ ಸ್ವಾಮಿ, ಸಿನಿಮಾದವರು ನಮಗೆ.

ಶಾಸನಪ್ರಿಯ:
ಆ ಟೋಪಿಗೆ ಕುಳ್ಳಾಯಿ ಅಂತ ಹೆಸರು. ಮೇಲೆ ತೊಡುವ ಉದ್ದ ಅಂಗಿಗೆ ಕಬಾಯಿ. ವಿಜಯನಗರದ ಆಸ್ಥಾನಕ್ಕೆ ಹೋಗುವವರ ಡ್ರೆಸ್ ಇದು. ನಂಬಿಕೆ ಬಾರದಿದ್ದರೆ ಹಿಂದೂಪುರದ ಹತ್ತಿರ ಲೇಪಾಕ್ಷಿಗೆ ಹೋಗಿ ಕತ್ತೆತ್ತಿ ಛಾವಣಿ ನೋಡಿ. ಅಚ್ಯುತರಾಯನ ಕಾಲದ ಚಿತ್ರಗಳು. ಗಂಡಸರು ಸಾಲಾಗಿ ಬಿಳಿ ಕಬಾಯಿ, ಉದ್ದ ಕುಳ್ಳಾಯಿ ಹಾಕಿ ನಿಂತಿದ್ದಾರೆ. ಹೆಂಗಸರ ತುರುಬು ಒಂದು ಪಕ್ಕಕ್ಕೆ ವಾಲಿದೆ. ಸೀರೆಗಳಲ್ಲಿ ಪಟ್ಟೆ, ಹೂವು, ಒಂದರ ಹಾಗೆ ಇನ್ನೊಂದಿಲ್ಲ.

ಇನ್ನು ಕಣ್ಣಾರೆ ಕಂಡವರ ಮಾತು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನನ್ನು ನೋಡಿದ. ಅವನು ಬರೆದಿರುವುದು: ಮೈಮೇಲೆ ಚಿನ್ನದ ಗುಲಾಬಿ ಕಸೂತಿಯ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಪದಕ, ತಲೆ ಮೇಲೆ ಜರತಾರಿ ಟೋಪಿ. ಕಾಲಲ್ಲಿ ಏನೂ ಇಲ್ಲ, ಬರಿಗಾಲು. ರಾಜ ಇರುವ ಕಡೆಗೆ ಯಾರೂ ಮೆಟ್ಟು ಹಾಕಿಕೊಂಡು ಹೋಗುವ ಹಾಗೇ ಇರಲಿಲ್ಲವಂತೆ. ನಮ್ಮ ಸಿನಿಮಾದ ಮಂತ್ರಿಗಳು ತುದಿ ಮೇಲೆದ್ದ ಜರಿ ಚಪ್ಪಲಿ ಟಪಟಪ ಅನ್ನಿಸುತ್ತಾ ಸಿಂಹಾಸನದವರೆಗೂ ಹೋಗುತ್ತಾರೆ!

ಅವನ ನಂತರ ಬರೆದ ನೂನಿಜ್ ಇನ್ನೂ ಒಂದು ಹೇಳುತ್ತಾನೆ. ರಾಜ ಒಮ್ಮೆ ತೊಟ್ಟ ಬಟ್ಟೆ ಮತ್ತೆ ತೊಡುವುದಿಲ್ಲ, ತಲೆಯಿಂದ ತೆಗೆದ ಟೋಪಿ ಮತ್ತೆ ಇಡುವುದಿಲ್ಲ. ಆ ಟೋಪಿಯನ್ನು ಅವನು 'ಕುಲಾಯೆಸ್' ಅಂತ ಬರೆದಿದ್ದಾನೆ. ನಮ್ಮ ಕುಳ್ಳಾಯಿಯೇ ಅದು.

ಕಾಫಿಬೀಜ:
ಒಂದು ನಿಮಿಷ. ಕುಳ್ಳಾಯಿ, ಕುಲಾಯಿ... "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು" ಅಂತೀವಲ್ಲ, ಆ ಕುಲಾವಿ ಇದೇನಾ? ನಮ್ಮಜ್ಜಿ ಮೊಮ್ಮಕ್ಕಳಿಗೆಲ್ಲ ಕಿವಿ ಮುಚ್ಚುವ ಕುಲಾವಿ ಹೊಲಿಯುತ್ತಿದ್ದರು. ಹಂಪಿ ಅರಮನೆಯ ಟೋಪಿ ನಮ್ಮನೆ ತೊಟ್ಟಿಲಲ್ಲಿತ್ತು ಅಂತಾಯ್ತು.

ಶಾಸನಪ್ರಿಯ:
ಅದೇ ಪದ. ಪರ್ಷಿಯನ್ನಿನ 'ಕುಲಾಹ್'ನಿಂದ ಬಂದದ್ದು. ಕಬಾಯಿ ಅರಬ್ಬಿಯ 'ಕಬಾ'. ರಾಜನ ತಲೆಯಿಂದ ಇಳಿದು ಕೂಸಿನ ತಲೆಗೆ ಬಂದು ಉಳಿದುಕೊಂಡಿದೆ.

ಗರುಡಗಂಬ:
ಅಂದರೆ ನಮ್ಮ ಕೃಷ್ಣದೇವರಾಯ ಸುಲ್ತಾನರ ವೇಷ ಹಾಕುತ್ತಿದ್ದ ಅಂತ ಹೇಳಿಸಬೇಕು ನಿಮಗೆ, ಅಲ್ವಾ? ಅದಕ್ಕೇ ಇಷ್ಟು ಸುತ್ತು ಬಳಸಿದ್ದು. ಕಿರೀಟ ನಮ್ಮ ಸಂಸ್ಕೃತಿ. ಅದನ್ನು ತೋರಿಸಿದರೆ ಏನು ತಪ್ಪು?

ಶಾಸನಪ್ರಿಯ:
ನಾನು ಹೇಳಿಸುವುದೇನು ಬಂತು ಸರ್, ತಿರುಮಲದ ವಿಗ್ರಹ ನಾನು ಮಾಡಿಸಿದ್ದಲ್ಲ. ಆ ರಾಜರ ಬಿರುದೇ 'ಹಿಂದೂರಾಯ ಸುರತ್ರಾಣ'. ಬುಕ್ಕನ ಕಾಲದಿಂದ ಶಾಸನಗಳಲ್ಲಿದೆ. ಸುರತ್ರಾಣ ಅಂದರೆ ಸುಲ್ತಾನ. ಹಿಂದೂ ರಾಜರಲ್ಲಿ ಸುಲ್ತಾನ ತಾನು ಅಂತ ಹೆಮ್ಮೆಯಿಂದ ಬರೆಸಿಕೊಂಡರು. ಆ ಕಾಲಕ್ಕೆ ದೊಡ್ಡ ಆಸ್ಥಾನ ಅಂದರೆ ಆ ಉಡುಪು. ಈಗ ಮದುವೆ ರಿಸೆಪ್ಷನ್ನಿಗೆ ಸೂಟು ಹಾಕಿದ ಗಂಡನ್ನು ಇಂಗ್ಲೆಂಡಿನವನು ಅಂತೀವಾ?

ದೇವರ ಮುಂದೆ ನಿಂತ ವಿಗ್ರಹ ನೋಡಿ. ಮೈಮೇಲೆ ಕಬಾಯಿ ಇಲ್ಲ, ಪಂಚೆ ಇದೆ. ಕುಳ್ಳಾಯಿ ಮಾತ್ರ ತೆಗೆದಿಲ್ಲ. ಎಲ್ಲಿ ಏನು ಹಾಕಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ತೆಲುಗುಗಡಿ:
ಇದಕ್ಕೆ ಒಂದು ಮಜವಾದ ಸಾಕ್ಷಿ ಇದೆ. ತೆಲುಗಿನ ದೊಡ್ಡ ಕವಿ ಶ್ರೀನಾಥ ವಿಜಯನಗರದ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದಾಗ ಹೇಳಿದ್ದು ಅಂತ ಒಂದು ಚಾಟು ಪದ್ಯ. ಕುಳ್ಳಾಯಿ ಇಟ್ಟುಕೊಂಡೆ, ದೊಡ್ಡ ಕೂರ್ಪಾಸ ತೊಟ್ಟೆ, ಬೆಳ್ಳುಳ್ಳಿ ತಿಂದೆ, ಅಂಬಲಿ ಕುಡಿದೆ, ತಾಯೀ ಕನ್ನಡ ರಾಜ್ಯಲಕ್ಷ್ಮೀ, ಇನ್ನೂ ದಯೆ ಬರಲಿಲ್ವಾ, ನಾನು ಶ್ರೀನಾಥ ಅಂತ ಗೋಳಾಡುತ್ತಾನೆ. ಇಂಟರ್‌ವ್ಯೂಗೆ ಟೈ ಕಟ್ಟಿಕೊಂಡು ಹೊರಗೆ ಬೆಂಚಿನ ಮೇಲೆ ಕಾದವನ ಕಥೆ!

ಆ ಕೂರ್ಪಾಸವೇ ನಮ್ಮ ಕುಪ್ಪಸ. ಆಗ ಗಂಡಸರೂ ತೊಡುತ್ತಿದ್ದರು.

ನಿರ್ವಾಹಕ:
ಧರ್ಮದ ಜಗಳಕ್ಕೆ ಹೋಗುತ್ತಿದ್ದ ಮೂರು ಪ್ರತಿಕ್ರಿಯೆ ತೆಗೆದಿದ್ದೇನೆ. ಬಟ್ಟೆ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ. ಬಟ್ಟೆ ಹಾಕಿದವರ ಬಗ್ಗೆ ಬೇಡ.

ಡ್ರೆಸ್ಸಂಗಡಿಮಗ:
ಕಿರೀಟ ಎಲ್ಲಿಂದ ಬಂತು ಅಂತ ನಾನು ಹೇಳುತ್ತೇನೆ. ನಮ್ಮಪ್ಪ ತುಮಕೂರು ಕಡೆ ಡ್ರಾಮಾ ಡ್ರೆಸ್ ಬಾಡಿಗೆಗೆ ಕೊಡುತ್ತಿದ್ದರು. ನಮ್ಮನೆಯಲ್ಲಿ ಹನ್ನೊಂದು ಕಬ್ಬಿಣದ ಟ್ರಂಕು. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ, ಅದರ ಕೆಳಗೆ ಹಳೇ ಬೆವರಿನ ವಾಸನೆ. ವೆಲ್ವೆಟ್ ಕೋಟುಗಳ ಕಾಲರಿನಲ್ಲಿ ಮೇಕಪ್ಪಿನ ಗುಲಾಬಿ ಕಲೆ ಒಗೆದರೂ ಹೋಗುತ್ತಿರಲಿಲ್ಲ. ಒಗೆಯುತ್ತಲೂ ಇರಲಿಲ್ಲ ಬಿಡಿ, ಬಣ್ಣ ಬಿಡುತ್ತೆ ಅಂತ ಬಿಸಿಲಿಗೆ ಹಾಕುತ್ತಿದ್ದರು ಅಷ್ಟೇ.

ಒಂದು ನೀಲಿ ಕೋಟು ನನಗೆ ಚೆನ್ನಾಗಿ ನೆನಪಿದೆ. ಶನಿವಾರ ಒಂದೂರಲ್ಲಿ ಅದು ದುರ್ಯೋಧನ. ಮುಂದಿನ ವಾರ ಹರಿಶ್ಚಂದ್ರ, ಕಾಡಿಗೆ ಹೋಗುವ ಸೀನಿನವರೆಗೆ. ಶಾಲೆಯವರು ಬಂದರೆ ಕೃಷ್ಣದೇವರಾಯ. ಎದೆ ಸುತ್ತಳತೆ ದೊಡ್ಡದಾದವರಿಗೆ ಬೆನ್ನಲ್ಲಿ ಬಿಚ್ಚಿ ಲಾಡಿ ಕಟ್ಟುತ್ತಿದ್ದರು. ಅದಕ್ಕೇ ಡ್ರಾಮಾ ರಾಜರು ಪ್ರೇಕ್ಷಕರಿಗೆ ಬೆನ್ನು ತೋರಿಸುವುದಿಲ್ಲ!

ಕಿರೀಟ ಯಾಕೆ ಅಂತ ಅಪ್ಪನನ್ನು ಕೇಳಿದ್ದೆ. "ಹಿಂದೆ ಚಾಪೆ ಮೇಲೆ ಕೂತವನಿಗೆ ಗ್ಯಾಸ್‌ಲೈಟಿನ ಬೆಳಕಲ್ಲಿ ರಾಜ ಯಾರು ಅಂತ ಗೊತ್ತಾಗಬೇಕಲ್ಲಪ್ಪ" ಅಂದರು. ಅಷ್ಟೇ ವಿಷಯ. ಹೊಳೆಯುವ ಚಮಕಿ, ಗಾಜಿನ ಹರಳು, ಭುಜಕೀರ್ತಿ ಎಲ್ಲ ದೂರದಿಂದ ಕಾಣಲಿ ಅಂತ. ಕಂಪನಿ ನಾಟಕಗಳಿಂದ ನಟರು ಸಿನಿಮಾಗೆ ಹೋದರು. ಅವರ ಜತೆ ಟ್ರಂಕೂ ಹೋಯಿತು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಅದಕ್ಕೆ ರವಿವರ್ಮನ ಪ್ರೆಸ್ಸಿನ ಚಿತ್ರಗಳು ಸೇರಿಕೊಂಡವು. ನಮ್ಮ ತಲೆಯಲ್ಲಿರುವ ರಾಜ ಅಂದರೆ ಇವೆರಡರ ಮಗ.

ಕಾಫಿಬೀಜ:
"ಅವರ ಜತೆ ಟ್ರಂಕೂ ಹೋಯಿತು." ಆಹಾ!

ಬೆಳ್ಳಿಪರದೆ:
ಎಲ್ಲರೂ ಸಿನಿಮಾದವರನ್ನು ಬೈಯುತ್ತಿದ್ದೀರಿ, ಸ್ವಲ್ಪ ಅವರ ಕಡೆಯಿಂದಲೂ ನೋಡಿ. ರಣಧೀರ ಕಂಠೀರವ 1960ರ ಕಪ್ಪುಬಿಳುಪು ಚಿತ್ರ. ಕಪ್ಪುಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ. ಅಲ್ಲಿ ರಾಜನನ್ನು ಸೈನಿಕನಿಂದ ಬೇರೆ ಮಾಡಲು ಹೊಳಪು ಬಿಟ್ಟರೆ ಬೇರೆ ದಾರಿ ಇಲ್ಲ. ಚಮಕಿ ಹಾಕದೆ ಏನು ಮಾಡುತ್ತಾರೆ?

ಇನ್ನೊಂದು, ಎಲ್ಲ ಕಾಲಕ್ಕೂ ಪಾಯಸ್ ಸಿಗುವುದಿಲ್ಲ. 1975ರ ಮಯೂರ ತೆಗೆದುಕೊಳ್ಳಿ. ದೇವುಡು ಅವರ ಕಾದಂಬರಿ ಆಧರಿಸಿದ್ದು. ಕದಂಬರ ಕಥೆ, ನಾಲ್ಕನೇ ಶತಮಾನ. ಶಿಕಾರಿಪುರದ ಹತ್ತಿರದ ತಾಳಗುಂದ ಶಾಸನ ಓದಿದರೆ ಏನು ಸಿಗುತ್ತೆ? ಕಂಚಿಗೆ ಓದಲು ಹೋದ, ಪಲ್ಲವರ ಕುದುರೆ ಸವಾರನ ಜತೆ ಜಗಳ ಆಯಿತು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಅಂಗಿ ಯಾವ ಬಣ್ಣ ಅಂತ ಶಾಸನದಲ್ಲಿ ಇಲ್ಲ. ನಿರ್ದೇಶಕರು ಏನಾದರೂ ಒಂದು ಹೊಲಿಸಲೇಬೇಕು.

ಶಾಸನಪ್ರಿಯ:
ಒಪ್ಪಿದೆ. ಸಾಕ್ಷಿ ಇಲ್ಲದ ಕಡೆ ಕಲ್ಪನೆ ಇರಲಿ. ಸಾಕ್ಷಿ ತಿರುಪತಿಯಲ್ಲಿ ಕೈಮುಗಿದು ನಿಂತಿರುವ ಕಡೆಯೂ ಕಲ್ಪನೆ ಬೇಕಾ ಅನ್ನೋದಷ್ಟೇ ನನ್ನ ತಕರಾರು.

ಹಿಂದಿನಸಾಲುಸೈನಿಕ:
ನಾನು ಜೂನಿಯರ್ ಆರ್ಟಿಸ್ಟ್ ಆಗಿ ಒಂದು ರಾಜರ ಚಿತ್ರದಲ್ಲಿ ನಾಲ್ಕು ದಿನ ಸತ್ತಿದ್ದೇನೆ. ಹೆಸರು ಬೇಡ. ಬೆಳಗ್ಗೆ ಐದಕ್ಕೆ ಕರೆದು ರೆಕ್ಸಿನ್ನಿನ ಎದೆಕವಚ ಕೊಟ್ಟರು. ಒಳಗೆ ಸ್ಪಾಂಜು. ಹತ್ತು ಗಂಟೆಗೆ ಹಿಂಡಿದರೆ ಒಂದು ಲೋಟ ಬೆವರು ಬರುತ್ತಿತ್ತು. ಈಟಿ ಅಂದರೆ ಪಿವಿಸಿ ಪೈಪಿಗೆ ಬೆಳ್ಳಿ ಬಣ್ಣ. ಒಬ್ಬ ಅಸಿಸ್ಟೆಂಟ್ ಹುಡುಗ ಸಾಲಿನುದ್ದಕ್ಕೂ "ವಾಚು, ಉಂಗುರ, ಜನಿವಾರ, ಮೊಬೈಲು" ಅಂತ ಕೂಗುತ್ತಾ ಕೈ ಹಿಡಿದು ನೋಡುತ್ತಿದ್ದ. ನನ್ನ ಕನ್ನಡಕ ಕಿತ್ತುಕೊಂಡ. ಮೈನಸ್ ನಾಲ್ಕು ಪವರು ನನಗೆ. "ಆಕ್ರಮಣ" ಅಂದಾಗ ಓಡಿದೆ, ಯಾರನ್ನು ಹೊಡೆದೆ ಅಂತ ಇವತ್ತಿಗೂ ಗೊತ್ತಿಲ್ಲ. ನಮ್ಮ ಕಡೆಯವನೇ ಇರಬೇಕು.

ವಾಚು ಬಿಚ್ಚಿದರೂ ಮಣಿಕಟ್ಟಿನ ಬಿಳಿ ಗುರುತು ಹೋಗುತ್ತಾ? ಎರಡೂ ಸೈನ್ಯದ ಕೈಯಲ್ಲೂ ಅದೇ ಬಿಳಿ ಪಟ್ಟಿ. ಮಧ್ಯಾಹ್ನ ಎರಡೂ ಸೈನ್ಯ ಒಂದೇ ಸಾಲಲ್ಲಿ ಚಿತ್ರಾನ್ನಕ್ಕೆ ನಿಂತಿದ್ದೆವು.

ಪುಟ್ಟಕ್ಕ:
ಅದು ಬಿಡಿ, ರಾಣಿಯರ ತೋಳಲ್ಲಿ ಇನಾಕ್ಯುಲೇಶನ್ ಗುರುತು! ಕ್ಲೋಸಪ್ಪಿನಲ್ಲಿ ದುಂಡಗೆ ಎರಡು ರೂಪಾಯಿ ನಾಣ್ಯದ ಹಾಗೆ. ನಮ್ಮಮ್ಮ ಪ್ರತಿ ಸಲ "ರಾಣಿಗೆ ದಾಕು ಹಾಕಿಸಿದ್ದಾರೆ ನೋಡೇ" ಅಂತ ನಗುತ್ತಾರೆ.

ಮೈಸೂರುಮಲ್ಲಿಗೆಗಿಡ:
ಪುಟ್ಟಕ್ಕ, ಮೈಸೂರಿನ ರಾಣಿಯ ಕಥೆಯಾದರೆ ಅದು ತಪ್ಪೇ ಅಲ್ಲ! ಥಾಮಸ್ ಹಿಕಿ 1805ರಲ್ಲಿ ಬರೆದ ಒಂದು ವರ್ಣಚಿತ್ರ ಇದೆ, ಮೈಸೂರು ಅರಮನೆಯ ಮೂವರು ಹೆಂಗಸರದ್ದು. ಒಬ್ಬರು ಸೀರೆ ಸರಿಸಿ ತೋಳಿನ ಕಡೆ ಬೆರಳಿಟ್ಟಿದ್ದಾರೆ. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡದ್ದನ್ನು ತೋರಿಸುವ ಚಿತ್ರ, ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಅಂತ ಒಬ್ಬ ಇತಿಹಾಸಕಾರರ ವಾದ. ಬಹಳ ಜನ ಒಪ್ಪಿಕೊಂಡಿದ್ದಾರೆ.

ಆ ಚಿತ್ರದ ಒಡವೆ ನೋಡಿ. ಮುಖ, ತಲೆ, ಕಿವಿ, ಕೈ ಎಲ್ಲ ತುಂಬಿದೆ. ನಮ್ಮ ಸಿನಿಮಾದವರು ಡಿಸೈನ್ ಹುಡುಕಿಕೊಂಡು ಹೊರಗೆ ಹೋಗಬೇಕಿಲ್ಲ.

ಹಾಗೇ ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರ ಕಟ್ಟಡ. ಗೋಡೆ ತುಂಬ 1780ರ ಪೊಳ್ಳಿಲೂರು ಯುದ್ಧ. ಸಿಪಾಯಿ, ಸವಾರ, ಫಿರಂಗಿ, ಪಲ್ಲಕ್ಕಿ, ರುಮಾಲು, ಸೊಂಟಪಟ್ಟಿ ಎಲ್ಲ ಇವೆ. ಸಿನಿಮಾದ ಕಾಸ್ಟ್ಯೂಮ್‌ನವರಿಗೆ ಅದಕ್ಕಿಂತ ಒಳ್ಳೆಯ ಕ್ಯಾಟಲಾಗ್ ಬೇಕಾ? ನಮ್ಮ ಕಾಲೇಜಿನ ಟ್ರಿಪ್ಪಿನಲ್ಲಿ ಹೋದವರು ಅರ್ಧ ಜನ ಮುಂದಿನ ಹುಲ್ಲಿನ ಮೇಲೆ ಚುರುಮುರಿ ತಿನ್ನುತ್ತಾ ಕೂತಿದ್ದರು. ನಾನೂ ಅವರಲ್ಲಿ ಒಬ್ಬಳು.

ಗರುಡಗಂಬ:
ಸರಿ, ಸಾಕ್ಷಿ ಸಾಕ್ಷಿ ಅಂತೀರಲ್ಲ. ಬೇಲೂರು ಹಳೇಬೀಡಿನ ಶಿಲ್ಪಗಳಲ್ಲಿ ಹೆಂಗಸರಿಗೆ ರವಿಕೆ ಇಲ್ಲ. ಶಾಂತಲೆಯ ಸಿನಿಮಾ ಮಾಡಿದರೆ ಹಾಗೇ ತೋರಿಸುತ್ತೀರಾ? ಉತ್ತರ ಕೊಡಿ.

ಪುಟ್ಟಕ್ಕ:
ಒಳ್ಳೇ ಪ್ರಶ್ನೆ ಕೇಳಿದಿರಿ. ಇದಕ್ಕೆ ಉತ್ತರ ಬೇಕು.

ಶಿಲಾಬಾಲಿಕೆ:
ನಾನು ಚಿತ್ರಕಲೆ ಹೇಳಿಕೊಡುವವಳು. ಶಿಲ್ಪ ಫೋಟೋ ಅಲ್ಲ. ಮದನಿಕೆಯರ ಕಾಲು ನೋಡಿದರೆ ತೊಡೆಗೆ ಬಟ್ಟೆ ಇದೆಯೋ ಇಲ್ಲವೋ ಅಂತ ಅನುಮಾನ ಬರುತ್ತದೆ. ಆಮೇಲೆ ಕಣ್ಣಿಟ್ಟು ನೋಡಿದರೆ ಮೊಣಕಾಲಿನ ಹತ್ತಿರ ಸಣ್ಣ ಅಂಚಿನ ಗೆರೆ ಕಾಣುತ್ತೆ. ಶಿಲ್ಪಿಗೆ ಮೈಕಟ್ಟು ಮುಖ್ಯ, ಬಟ್ಟೆ ಬರೀ ಗೆರೆ. ಕಂಚುಕ, ಕುಪ್ಪಸ ಅನ್ನುವ ಪದಗಳು ಹಳಗನ್ನಡ ಕಾವ್ಯಗಳಲ್ಲಿ ಇವೆ. ಕಲ್ಲಿನಲ್ಲಿ ಕಾಣಲಿಲ್ಲ ಅಂದಮಾತ್ರಕ್ಕೆ ಇರಲಿಲ್ಲ ಅನ್ನುವ ಹಾಗಿಲ್ಲ. ಹಾಗಂತ ಈಗಿನ ಕಟ್ಟೋರಿ ರವಿಕೆ, ಪಫ್ ತೋಳು ತೊಡಿಸುವುದೂ ಸರಿಯಲ್ಲ. ಎದೆಗೆ ಒಂದು ಪಟ್ಟಿ, ಮೇಲೊಂದು ಸೆರಗು ಸಾಕಾಗಿತ್ತು.

ಇನ್ನೊಂದು, ದರ್ಪಣಸುಂದರಿಯೇ ಶಾಂತಲೆ ಅಂತ ಗೈಡುಗಳು ಹೇಳುತ್ತಾರೆ. ಕಲ್ಲಿನ ಮೇಲೆ ಹಾಗೆ ಬರೆದಿಲ್ಲ. ಗುಡಿ 1117ರದ್ದು, ಅವಳ ಕಾಲದ್ದು ಅನ್ನೋದು ನಿಜ. ಆದರೆ ಕನ್ನಡಿ ಹಿಡಿದವರೆಲ್ಲ ರಾಣಿಯರಲ್ಲ!

ನನ್ನ ದೂರು ಬೇರೆ. ಹನ್ನೆರಡನೇ ಶತಮಾನದ ರಾಣಿಗೆ ಮೈಸೂರು ಸಿಲ್ಕ್ ಉಡಿಸುತ್ತಾರೆ. ನಾಲ್ವಡಿಯವರ ಕಾಲದಲ್ಲಿ ಆ ಕಾರ್ಖಾನೆ ಶುರುವಾದದ್ದು 1912ರಲ್ಲಿ.

ಮೈಸೂರುಮಲ್ಲಿಗೆಗಿಡ:
1912 ಅಂದರೆ ಈಗಿನ ಮೈಸೂರು ಅರಮನೆ ಮುಗಿದ ವರ್ಷವೂ ಅದೇ. ಹಳೇ ಮರದ ಅರಮನೆ 1897ರಲ್ಲಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಸುಟ್ಟುಹೋಯಿತು. ಆದರೂ ಟಿವಿಯಲ್ಲಿ ಒಡೆಯರ ಕಥೆ ಯಾವ ಶತಮಾನದ್ದಾದರೂ ಹಿಂದೆ ಇದೇ ಅರಮನೆ, ಅದೂ ಲೈಟು ಹಾಕಿ. ಕಂಠೀರವ ನರಸರಾಜರು ಆಳಿದ್ದು 1638ರಿಂದ 1659, ರಾಜಧಾನಿ ಶ್ರೀರಂಗಪಟ್ಟಣ. ಬಲ್ಬು ಎಲ್ಲಿಂದ ಬರಬೇಕು?

ಮಂಡ್ಯಮಾವ:
ಬಲ್ಬು ಹೊತ್ತಿಸದಿದ್ದರೆ ನಿರ್ಮಾಪಕನ ಹೊಟ್ಟೆ ಉರಿಯುತ್ತೆ. ಎರಡರಲ್ಲಿ ಒಂದು ಹೊತ್ತಬೇಕು.

ಹಂಪಿಬಿಸಿಲು:
ಹೊಸಪೇಟೆಯವನು ನಾನು. ಬಟ್ಟೆ ಬಗ್ಗೆ ಇಷ್ಟು ಹೇಳಿದಿರಿ, ಊರಿನ ಬಗ್ಗೆ ಯಾರೂ ಹೇಳಲಿಲ್ಲ. ಕೃಷ್ಣದೇವರಾಯನ ಕಾಲದ ಹಂಪಿ ಅಂತ ಸೆಟ್ ಹಾಕಿದರೆ ಕಲ್ಲಿನ ರಥವನ್ನು ಈಗ 50 ರೂಪಾಯಿ ನೋಟಿನಲ್ಲಿ ಇರುವ ಹಾಗೆ ಮಾಡುತ್ತಾರೆ. ಆ ರಥದ ಮೇಲೆ ಇಟ್ಟಿಗೆಯ ಗೋಪುರ ಇತ್ತು ಸ್ವಾಮಿ. ಗ್ರೀನ್‌ಲಾ ಅನ್ನುವ ಇಂಗ್ಲಿಷ್ ಅಧಿಕಾರಿ 1856ರಲ್ಲಿ ತೆಗೆದ ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ತೆಗೆದುಹಾಕಿದರು. ರಥದ ಮುಂದಿನ ಆನೆಗಳೂ ಮೊದಲಿನವಲ್ಲ. ಮೊದಲು ಕುದುರೆ ಇತ್ತು, ಆನೆಯ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು ಇನ್ನೂ ಇದೆ. ರಥದ ಮೇಲೆ ಬಣ್ಣದ ಕುರುಹೂ ಇದೆ.

ಅಂದರೆ ಸಿನಿಮಾದವರು ತೋರಿಸುವುದು ಹಾಳಾದ ಮೇಲಿನ ಹಂಪಿಯನ್ನು. ಆ ಕಾಲದಲ್ಲಿ ಗೋಡೆಗೆ ಗಾರೆ, ಅದರ ಮೇಲೆ ಬಣ್ಣ. ಅರಮನೆಗಳು ಮರದವು, ಅದಕ್ಕೇ ಈಗ ಕಲ್ಲಿನ ಅಡಿಪಾಯ ಮಾತ್ರ ಉಳಿದಿದೆ. ಪಾಯಸ್ ಒಂದು ಕೋಣೆ ನೋಡಿದ್ದನಂತೆ. ಗೋಡೆಯೆಲ್ಲ ಮೇಲಿಂದ ಕೆಳಗೆ ದಂತ, ಕಂಬದ ಮೇಲೆ ದಂತದಲ್ಲೇ ಕೆತ್ತಿದ ಗುಲಾಬಿ, ತಾವರೆ. ಆ ಒಂದು ಕೋಣೆಯಲ್ಲಿ ಎಣ್ಣೆ ದೀಪ ಹಚ್ಚಿ ಒಂದು ಸೀನು ತೆಗೆಯಿರಿ. ಕಿರೀಟ ಯಾಕೆ ಬೇಕು?

ಬೆಳ್ಳಿಪರದೆ:
ಇದು ನಿಜಕ್ಕೂ ಒಳ್ಳೆಯ ಮಾತು. ಈಚಿನ ಚಿತ್ರಗಳಲ್ಲಿ ಇನ್ನೊಂದು ಕಾಟ ಇದೆ, ಕಂದು ಬಣ್ಣ. ಹಳೇ ಕಾಲ ಅಂದರೆ ಎಲ್ಲವೂ ಧೂಳು ಹಿಡಿದ ಹಾಗೆ. ಮುಖ ಕಂದು, ಬಟ್ಟೆ ಕಂದು, ಆಕಾಶವೂ ಕಂದು. ಹಿಂದಿನವರಿಗೆ ಬಣ್ಣವೇ ಗೊತ್ತಿರಲಿಲ್ಲವಾ? ಹಳೇ ಚಮಕಿ ಸುಳ್ಳಾದರೆ ಈ ಧೂಳೂ ಸುಳ್ಳೇ. ಆದರೆ ಧೂಳು ಹಾಕಿದರೆ ಜನ "ರಿಯಲಿಸ್ಟಿಕ್ ಆಗಿದೆ" ಅಂತಾರೆ.

ಶಿಲಾಬಾಲಿಕೆ:
ನೀಲಿಗಿಡದ ನೀಲಿ, ಮಂಜಿಷ್ಠದ ಕೆಂಪು, ಅರಗಿನ ಕಡುಗೆಂಪು, ಅರಿಶಿನ. ಎಲ್ಲ ಇತ್ತು, ಗಾಢವಾಗಿಯೇ ಇತ್ತು. ಇಲ್ಲದೇ ಇದ್ದದ್ದು ಈ ಕಣ್ಣು ಕುಕ್ಕುವ ರಾಣಿ ಪಿಂಕು, ಫ್ಲೋರೊಸೆಂಟ್ ಹಸಿರು. ಮೊದಲ ರಾಸಾಯನಿಕ ಬಣ್ಣ ಬಂದದ್ದು 1856ರಲ್ಲಿ. ಮೇಲೆ ಹಂಪಿಯವರು ಹೇಳಿದ ಫೋಟೋದ ವರ್ಷವೇ!

ರಾಯಚೂರುರೊಟ್ಟಿ:
ನಮ್ಮೂರ ಯುದ್ಧದ ಬಗ್ಗೆಯೂ ಒಂದು ಮಾತು. 1520ರ ರಾಯಚೂರು ಮುತ್ತಿಗೆಯಲ್ಲಿ ಆದಿಲ್ ಶಾಹನ ಕಡೆ ಫಿರಂಗಿಗಳು ಸಾಲಾಗಿ ಇದ್ದವು. ಕೃಷ್ಣದೇವರಾಯನ ಕಡೆ ಕ್ರಿಸ್ಟೊವಾವ್ ದೆ ಫಿಗೆರೆದೊ ಅನ್ನುವ ಪೋರ್ಚುಗೀಸನೂ ಅವನ ಬಂದೂಕಿನವರೂ ಬಂದು ಕೋಟೆ ಗೋಡೆ ಮೇಲಿದ್ದವರಿಗೆ ಗುರಿ ಇಟ್ಟರು. ನಮ್ಮ ಸಿನಿಮಾಗಳಲ್ಲಿ ಬರೀ ಟಿಣ್ ಟಿಣ್ ಕತ್ತಿ. ಬಂದೂಕು ತೋರಿಸಿದರೆ ಬ್ರಿಟಿಷರ ಕಾಲ ಅಂತ ಜನ ತಿಳಿದುಕೊಳ್ಳುತ್ತಾರೆ ಅನ್ನುವ ಭಯವೇನೋ.

ಮತ್ತೆ ರಾಜನ ಮೈಕಟ್ಟು. ಪಾಯಸ್ ಪ್ರಕಾರ ಮಧ್ಯಮ ಎತ್ತರ, ಸಣಕಲು ಅಲ್ಲ, ಸ್ವಲ್ಪ ದಪ್ಪವೇ. ಮುಖದಲ್ಲಿ ಸಿಡುಬಿನ ಕಲೆ. ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿ ಸಾಮು ಮಾಡಿ ಬೆವರು ಹರಿಸುತ್ತಿದ್ದ. ಸಿಕ್ಸ್ ಪ್ಯಾಕ್ ಹೀರೋಗಳಿಗೆ ಈ ಪಾತ್ರ ಕೊಡಬಾರದು.

ಕಾಫಿಬೀಜ:
ಎಳ್ಳೆಣ್ಣೆ ಕುಡಿಯುತ್ತಿದ್ದನಾ!! ನನಗೆ ತಲೆಗೆ ಹಚ್ಚಿದರೇ ನೆಗಡಿ.

ಅಡುಗೆಭಟ್ರು:
ಊಟದ ಸೀನು ಗಮನಿಸಿದ್ದೀರಾ? ಬೆಳ್ಳಿ ತಟ್ಟೆ ಪಕ್ಕ ಬುಟ್ಟಿಯಲ್ಲಿ ಟೊಮೆಟೊ, ಅನಾನಸ್. ಮಯೂರವರ್ಮನ ಕಾಲಕ್ಕೆ ಅವೆಲ್ಲ ಅಮೆರಿಕಾದಲ್ಲೇ ಇದ್ದವು. ಮೆಣಸಿನಕಾಯಿಯೂ ಅಷ್ಟೇ, ಅಲ್ಲಿಯವರೆಗೆ ಖಾರ ಅಂದರೆ ಕಾಳುಮೆಣಸು. ಕೃಷ್ಣದೇವರಾಯನ ಕಾಲಕ್ಕೆ ಬೇಕಾದರೆ ವಾದ ಮಾಡಬಹುದು. ಪುರಂದರದಾಸರ ಹೆಸರಲ್ಲೇ ಮೆಣಸಿನಕಾಯಿ ಮೇಲೆ ಒಂದು ಪದ ಇದೆಯಲ್ಲ.

ಗರುಡಗಂಬ:
ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳ ಇದೆ. ಹದಿಮೂರನೇ ಶತಮಾನದ ಗುಡಿ. ಹಾಗಾದರೆ ಅಮೆರಿಕಾದ ಬೆಳೆ ಆಗಲೇ ಇತ್ತಲ್ಲ? ಇದಕ್ಕೇನು ಹೇಳುತ್ತೀರಿ?

ಶಾಸನಪ್ರಿಯ:
ದಯವಿಟ್ಟು ಮೆಕ್ಕೆಜೋಳ ಶುರು ಮಾಡಬೇಡಿ, ಮೂರು ದಿನ ಹೋಗುತ್ತೆ. ಅದು ಮುತ್ತು ಪೋಣಿಸಿದ ಮುಕ್ತಾಫಲ ಅಂತ ಒಂದು ಪಂಗಡ, ದಾಳಿಂಬೆ ಅಂತ ಇನ್ನೊಂದು, ಜೋಳವೇ ಅಂತ ಮೂರನೆಯದು. ನಾನು ಮೊದಲ ಪಂಗಡ. ಮಣ್ಣಿನಲ್ಲಿ ಆ ಕಾಲದ ಒಂದು ಕಾಳು ಸಿಗಲಿ, ಆಗ ಪಕ್ಷ ಬದಲಾಯಿಸುತ್ತೇನೆ.

ಮಂಡ್ಯಮಾವ:
ಬೇಯಿಸಿ ಉಪ್ಪು ಖಾರ ಹಚ್ಚಿ ಕೊಟ್ಟರೆ ನಾನೂ ನಿಮ್ಮ ಪಂಗಡ.

ಹಿಂದಿನಸಾಲುಸೈನಿಕ:
ಭಾಷೆ ಬಗ್ಗೆ ಯಾರೂ ತಕರಾರು ಮಾಡಲಿಲ್ಲವಲ್ಲ. "ಎಲೈ ದೂತನೇ, ಬಂದ ಕಾರಣವೇನು?" ಅಂತ ಯಾವ ರಾಜ ಮಾತಾಡುತ್ತಿದ್ದ?

ತೆಲುಗುಗಡಿ:
ಪುಲಿಕೇಶಿ ನಿಜವಾಗಿ ಹೇಗೆ ಮಾತಾಡುತ್ತಿದ್ದನೋ ಹಾಗೆ ಮಾತಾಡಿಸಿದರೆ ಕೆಳಗೆ ಸಬ್‌ಟೈಟಲ್ ಹಾಕಬೇಕು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಅವನಿಗಿಂತ ಸುಮಾರು ಅರವತ್ತು ಎಪ್ಪತ್ತು ವರ್ಷ ಈಚಿನದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಲ್ಲರಿಗೂ ಬಾಯಿಗೆ ಬರುತ್ತೆ. ಅದರ ಮುಂದಿನ ಸಾಲಿಗೆ ಅರ್ಥ ಹೇಳಿ ನೋಡೋಣ! ನಾಟಕದ ಕನ್ನಡವೂ ಕಿರೀಟದ ಹಾಗೇ. ದೂರಕ್ಕೆ ಕೇಳಿಸಲಿ ಅಂತ ಮಾಡಿಕೊಂಡದ್ದು. ಅದನ್ನು ನಾನು ಕ್ಷಮಿಸುತ್ತೇನೆ. ರಾಜ್‌ಕುಮಾರ್ ಬಾಯಲ್ಲಿ ಕೇಳಿದ ಮೇಲೆ ಸತ್ಯ ಯಾರಿಗೆ ಬೇಕು?

ಶಿಲಾಬಾಲಿಕೆ:
ನೋಡಿ, ಎಲ್ಲರಿಗೂ ಒಂದೊಂದು ಕ್ಷಮೆ ಇದೆ. ನಿಮಗೆ ಭಾಷೆ, ಬೆಳ್ಳಿಪರದೆಯವರಿಗೆ ಚಮಕಿ. ನನಗೆ ಕುದುರೆ ಯಾವ ತಳಿ ಆದರೂ ಪರವಾಗಿಲ್ಲ.

ಅರಳೀಕಟ್ಟೆ:
ಕೆಲಸದ ಗಡಿಬಿಡಿಯಲ್ಲಿ ಎರಡು ವಾರ ಈ ಕಡೆ ಬರಲಾಗಲಿಲ್ಲ. ಒಂದು ಪ್ರಶ್ನೆ ಕೇಳಿದ್ದಕ್ಕೆ ಎಳ್ಳೆಣ್ಣೆವರೆಗೆ ಕರೆದುಕೊಂಡು ಹೋದಿರಿ! ನಿಮಗೆ ಒಂದು ವರದಿ ಒಪ್ಪಿಸಬೇಕು.

ರಾಜ್ಯೋತ್ಸವಕ್ಕೆ ಮಗಳ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ ಇತ್ತು. ಇದನ್ನೆಲ್ಲ ಅವಳಿಗೆ ಓದಿ ಹೇಳಿದ್ದೆ. "ನಾನು ಟೋಪಿ ರಾಜನೇ ಆಗ್ತೀನಿ" ಅಂತ ಹಟ ಹಿಡಿದಳು. ನಮ್ಮಪ್ಪನ ಹಳೇ ಪಂಚೆ ಕತ್ತರಿಸಿ ಹೆಂಡತಿ ಕಬಾಯಿ ಹೊಲಿದಳು. ಅದರ ಮೇಲೆ ಗ್ಲಿಟರ್ ಪೆನ್ನಿನಲ್ಲಿ ನಲವತ್ತು ಚಿನ್ನದ ಗುಲಾಬಿ. ಎಣಿಸಿದ್ದು ಮಗಳೇ. ಚಾರ್ಟ್ ಪೇಪರ್ ಸುತ್ತಿ, ಅಮ್ಮನ ಹಳೇ ಜರಿ ರವಿಕೆ ಕಣ ಅಂಟಿಸಿ ಕುಳ್ಳಾಯಿ ಮಾಡಿದೆವು. ಶೂ ಹಾಕಲ್ಲ ಅಂದಳು, ಬರಿಗಾಲಲ್ಲೇ ಹೋದಳು.

ಸ್ಟೇಜಿನ ಮೇಲೆ ಜಡ್ಜ್ ಮೇಡಂ, "ಏನಮ್ಮಾ, ಮ್ಯಾಜಿಕ್ ಮಾಡೋರಾ ನೀನು?" ಅಂತ ಕೇಳಿದರು. ಹಾಲ್‌ನಲ್ಲಿ ಎಲ್ಲ ನಕ್ಕರು. ನನ್ನ ಎದೆ ಧಸಕ್ಕಂತು. ಅವಳು ಮೈಕು ಹತ್ತಿರ ಎಳೆದುಕೊಂಡು, "ನಾನು ಕೃಷ್ಣದೇವರಾಯ. ಇದು ಕುಳ್ಳಾಯಿ. ಇಲ್ಲಿ ನೀವೆಲ್ಲ ಚಪ್ಪಲಿ ಹಾಕ್ಕೊಂಡು ಬರೋ ಹಾಗಿಲ್ಲ" ಅಂದಳು.

ಬಹುಮಾನ ಬರಲಿಲ್ಲ. ಮೂವರು ಒನಕೆ ಓಬವ್ವರಲ್ಲಿ ಒಬ್ಬಳಿಗೆ ಬಂತು. ಮನೆಗೆ ಬಂದ ಮೇಲೆ ಅಜ್ಜಿ ಇನ್ನೊಂದು ಸಲ ಟೋಪಿ ಹಾಕಿ ತೋರಿಸೇ ಅಂದರೆ ಒಪ್ಪುತ್ತಿಲ್ಲ. ತೆಗೆದ ಮೇಲೆ ಮತ್ತೆ ಹಾಕಬಾರದಂತೆ, ನೂನಿಜ್ ಹೇಳಿದ್ದಾನಂತೆ! ಟೋಪಿ ಈಗ ಫ್ರಿಜ್ ಮೇಲಿದೆ.

ಶಾಸನಪ್ರಿಯ:
ಫೋಟೋ ಹಾಕಿ ಸರ್, ಫೋಟೋ!

ಡ್ರೆಸ್ಸಂಗಡಿಮಗ:
ಅಣ್ಣಾ, ಆ ಟೋಪಿಯ ಎತ್ತರ, ಸುತ್ತಳತೆ ಎಷ್ಟು ಅಂತ ಟೇಪು ಹಿಡಿದು ಕಳಿಸ್ತೀರಾ? ಅಂಗಡಿ ಈಗ ತಮ್ಮ ನೋಡಿಕೊಳ್ಳುತ್ತಿದ್ದಾನೆ. ಡಿಸೆಂಬರಿನಲ್ಲಿ ಶಾಲೆಗಳ ವಾರ್ಷಿಕೋತ್ಸವ ಶುರು. ನಾಲ್ಕು ಮಾಡಿಸಿ ಇಡು ಅಂದಿದ್ದೇನೆ. ಒಂದು ಸಲ ಹಾಕಿದ್ದು ಮತ್ತೆ ಹಾಕಲ್ಲ ಅಂತ ಮಾತ್ರ ಗಿರಾಕಿಗಳಿಗೆ ಹೇಳಬೇಡಿ, ನಮ್ಮ ಬಾಡಿಗೆ ವ್ಯಾಪಾರ ಮುಳುಗುತ್ತೆ.